‘ಎತ್ತು’: ಕನ್ನಡ, ಇಂಗ್ಲಿಷ್ ಮತ್ತು ಚೀನಿ ನುಡಿಗಟ್ಟುಗಳಲ್ಲಿ

ಎತ್ತು ಎಂದರೆ ಬೀಜ ಒಡೆದು, ಪಳಗಿಸಿ, ನೊಗಕ್ಕೆ ಹೂಡಿದ ಗಂಡು ದನ. ತಮಿಳಿನ ‘ಎರುದು’, ತೆಲುಗಿನ ‘ಎದ್ದು’ ಇದರ ಒಡಹುಟ್ಟು ಪದಗಳು. ಮೇಲಕ್ಕೆ ಏರಿಸು ಎಂಬ ಅರ್ಥದ ‘ಎತ್ತು’ ಕ್ರಿಯಾಪದ ಬೇರೆಯೇ ಆಗಿದ್ದು, ಈ ನಾಮಪದಕ್ಕೂ ಅದಕ್ಕೂ ಉಚ್ಚಾರದ ಹೋಲಿಕೆಯನ್ನು ಬಿಟ್ಟರೆ ಸಂಬಂಧವಿಲ್ಲ. ಹಳ್ಳಿಯ ಒಗಟುಗಳು ಮಾತ್ರ ಈ ಎರಡನ್ನೂ ಬೇಕೆಂದೇ ಬೆರೆಸುತ್ತವೆ.

ಹಿಂದೆ ಲಿಂಗಸುಗೂರು ತಾಲ್ಲೂಕಿನಲ್ಲಿದ್ದು ಈಗ ಮಸ್ಕಿ ತಾಲ್ಲೂಕಿಗೆ ಸೇರಿರುವ ಸಂತೆಕಲ್ಲೂರಿನ ಸುತ್ತಲಿನ ಎರೆನೆಲದಲ್ಲಿ ಈ ಪದಕ್ಕೆ ದೀರ್ಘವಾದ ಚರಿತ್ರೆಯಿದೆ. ಮುದಗಲ್ಲಿಗೆ ಸಮೀಪದ ಪಿಕ್ಲಿಹಾಳದ ಬಂಡೆಗಳ ಮೇಲೆ ನವಶಿಲಾಯುಗದ ಜನರು ಕುಟ್ಟಿ ಮೂಡಿಸಿದ ಡುಬ್ಬದ ಹೋರಿಗಳಿವೆ. ಅಲ್ಲಿ ಉತ್ಖನನ ನಡೆಸಿದ ಎಫ್.ಆರ್. ಆಲ್ಚಿನ್ ಅವರು 1963ರಲ್ಲಿ ದಕ್ಷಿಣ ಭಾರತದ ನವಶಿಲಾಯುಗದ ದನಗಾಹಿಗಳ ಕುರಿತು ಗ್ರಂಥವನ್ನೇ ಪ್ರಕಟಿಸಿದರು. ಈ ಸೀಮೆಯ ಬೂದಿದಿಬ್ಬಗಳು ಸುಟ್ಟ ಸಗಣಿಯ ರಾಶಿಗಳೆಂಬುದನ್ನೂ, ಅವು ದನದ ದೊಡ್ಡಿಗಳಿದ್ದ ತಾಣಗಳೆಂಬುದನ್ನೂ ಖಚಿತಪಡಿಸಿದ ಸಂಶೋಧನೆಗಳಲ್ಲಿ ಅದು ಮುಖ್ಯವಾದುದು. 19ನೆಯ ಶತಮಾನಕ್ಕೆ ಬಂದರೆ, ‘ಕೃಷಿ ಜ್ಞಾನ ಪ್ರದೀಪಿಕೆ’ ಎಂಬ ಬೇಸಾಯದ ಗ್ರಂಥವನ್ನು ರಚಿಸಿದ ಘನಮಠದ ನಾಗಭೂಷಣ ಶಿವಯೋಗಿಗಳು ಸಂತೆಕಲ್ಲೂರಿನವರೆಂಬುದು ಇಲ್ಲಿ ಉಲ್ಲೇಖಾರ್ಹ.

ಎತ್ತಿನ ಸುತ್ತಲಿನ ಪದಗಳನ್ನು ಮೂರು ಭಾಷೆಗಳು ಬೇರೆ ಬೇರೆಯಾಗಿ ಹಂಚಿಕೊಂಡಿವೆ. ಕನ್ನಡದಲ್ಲಿ ಕರು, ಹೋರಿ, ಎತ್ತು, ಗೂಳಿ, ಬಸವ, ಆಕಳು, ಕೋಣ, ಎಮ್ಮೆ ಎಲ್ಲವೂ ಬೇರೆ. ಬಿತ್ತನೆಗೆ ಹೂಡುವುದು ಎತ್ತನ್ನು. ಯಾರ ಹಗ್ಗಕ್ಕೂ ಸಿಗದೆ ತಿರುಗುವುದು ಗೂಳಿ. ದೇವರಿಗೆ ಬಿಟ್ಟದ್ದು ಬಸವ. ‘ಬಸವ’ ಎಂಬುದು ಸಂಸ್ಕೃತದ ‘ವೃಷಭ’ದ ತದ್ಭವವಾಗಿದ್ದು, 12ನೆಯ ಶತಮಾನದ ಶರಣರ ಹೆಸರಾಗಿ ಹೊಸ ಗೌರವವನ್ನು ಪಡೆಯಿತು. ಇಂಗ್ಲಿಷಿನಲ್ಲಿ ಆಕ್ಸ್, ಬುಲಕ್, ಬುಲ್, ಕೌ ಎಂಬ ಭೇದವಿದೆ. ಎಮ್ಮೆ ಕೋಣಗಳು ಬಫೆಲೋ ಎಂಬ ಬೇರೆ ಕುಲ. ಚೀನಿ ಭಾಷೆಯಲ್ಲಾದರೋ ‘ನ್ಯೂ’ ಎಂಬ ಒಂದೇ ಪದ ಎಲ್ಲಕ್ಕೂ ಸಾಕು. ಗಂಡು ನ್ಯೂ, ಹೆಣ್ಣು ನ್ಯೂ, ಹಳದಿ ನ್ಯೂ ಎಂದರೆ ನಮ್ಮ ದನ, ನೀರಿನ ನ್ಯೂ ಎಂದರೆ ಎಮ್ಮೆ, ಹೀಗೆ ವಿಶೇಷಣ ಹಚ್ಚಿ ಹೇಳುತ್ತಾರೆ. ಅನುವಾದಕರ ತೊಡಕು ಇಲ್ಲಿಂದಲೇ ಆರಂಭವಾಗುತ್ತದೆ.

ಕನ್ನಡದ ಗಾದೆಗಳಲ್ಲಿ ಎತ್ತು ದುಡಿಮೆಯ ರೂಪ. ಬಿಡುವಿಲ್ಲದೆ ದುಡಿದೂ ಇದ್ದಲ್ಲೇ ಸುತ್ತುವವನು ‘ಗಾಣದೆತ್ತು’. ‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು’ ಎಂಬುದು ಹೊಂದದ ಜೋಡಿಯ ಮಾತು. ಇದು ಬರೀ ಹೋಲಿಕೆಯಲ್ಲ, ಅನುಭವದ ಸತ್ಯ; ಕೋಣಕ್ಕೆ ಬಿಸಿಲು ತಡೆಯದು, ನೀರು ಕಂಡತ್ತ ಅದು ಎಳೆಯುತ್ತದೆ. ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂಬುದರಲ್ಲಿ ತಪ್ಪಿತಸ್ಥನನ್ನು ಬಿಟ್ಟು ಪಕ್ಕದವನನ್ನು ದಂಡಿಸುವ ಆಡಳಿತದ ಚಿತ್ರವಿದೆ. ‘ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂದರು’ ಎಂಬುದು ವಿಚಾರಿಸದೆ ತಲೆಯಾಡಿಸುವವರ ಮೇಲಿನ ಮಾತು. ಎತ್ತು ಕರು ಹಾಕದೆಂದು ತಿಳಿಯದವನಿಗೆ ಈ ಗಾದೆಯ ನಗೆ ದಕ್ಕುವುದಿಲ್ಲ. ಜೋಡೆತ್ತು ರಾಜಕೀಯಕ್ಕೂ ಬಂದಿತು: ಮೊದಲ ಮಹಾಚುನಾವಣೆಯಿಂದ 1969ರ ಒಡಕಿನವರೆಗೆ ನೊಗ ಹೊತ್ತ ಜೋಡೆತ್ತು ಕಾಂಗ್ರೆಸ್ಸಿನ ಗುರುತಾಗಿತ್ತು. 2019ರ ಮಂಡ್ಯ ಲೋಕಸಭಾ ಚುನಾವಣೆಯಲ್ಲಿ ಪ್ರಚಾರಕ್ಕಿಳಿದ ಇಬ್ಬರು ಚಿತ್ರನಟರಿಂದಾಗಿ ಅದೇ ಪದ ರಾಜ್ಯದ ತುಂಬ ಮರಳಿ ಕೇಳಿಬಂದಿತು.

ಇಂಗ್ಲಿಷಿನ ಎತ್ತು ನಮ್ಮ ಕಂದಾಯ ದಾಖಲೆಗಳಲ್ಲಿ ಅಡಗಿ ಕುಳಿತಿದೆಯೆಂದರೆ ಓದುಗರಿಗೆ ಅಚ್ಚರಿಯಾದೀತು. ‘ಎಕರೆ’ ಎಂದರೆ ಒಂದು ಹೂಟಿ ಒಂದು ದಿನದಲ್ಲಿ ಉಳಬಲ್ಲಷ್ಟು ಭೂಮಿ ಎಂಬುದು ಮಧ್ಯಯುಗದ ಇಂಗ್ಲೆಂಡಿನ ಲೆಕ್ಕ. ‘ಫರ್ಲಾಂಗು’ ಎಂದರೆ ನೇಗಿಲ ಸಾಲಿನ ಉದ್ದ. ಎತ್ತುಗಳು ನಿಲ್ಲದೆ ಎಳೆಯಬಲ್ಲ ದೂರವದು ಎನ್ನುತ್ತಾರೆ. ಒಂದು ಫರ್ಲಾಂಗು 220 ಗಜ. ಅಷ್ಟು ಉದ್ದ ಮತ್ತು 22 ಗಜ ಅಗಲದ ಪಟ್ಟಿಯೇ 4,840 ಚದರ ಗಜದ ಒಂದು ಎಕರೆ, ಅಂದರೆ ನಮ್ಮ 40 ಗುಂಟೆ. ಉತ್ತರ ಕರ್ನಾಟಕದ ಹಿರಿಯರು ಹೊಲವನ್ನು ‘ಕೂರಿಗೆ’ಯಿಂದ ಅಳೆಯುತ್ತಿದ್ದುದು ಇದೇ ತರ್ಕದಿಂದ; ಕೂರಿಗೆಯೆಂದರೆ ಒಂದು ದಿನದಲ್ಲಿ ಬಿತ್ತಿ ಮುಗಿಸಬಹುದಾದ ನೆಲ. ಹಣದ ವಿಷಯದಲ್ಲಿಯೂ ಹೀಗೆಯೇ. ಇಂಗ್ಲಿಷಿನ ‘ಕ್ಯಾಟಲ್’ ಮತ್ತು ‘ಕ್ಯಾಪಿಟಲ್’ ಒಂದೇ ಬೇರಿನವು. ಲ್ಯಾಟಿನ್ನಿನ ‘ಪೆಕೂನಿಯಾ’ ಎಂಬ ಹಣದ ಪದ ಹುಟ್ಟಿದ್ದು ಜಾನುವಾರು ಎಂಬರ್ಥದ ‘ಪೆಕುಸ್’ನಿಂದ, ಅದಕ್ಕೂ ಸಂಸ್ಕೃತದ ‘ಪಶು’ವಿಗೂ ರಕ್ತಸಂಬಂಧ. ನಮ್ಮ ‘ದನ’ವನ್ನು ‘ಧನ’ದ ತದ್ಭವವೆಂದು ನಿಘಂಟುಕಾರರು ಹೇಳುವುದನ್ನೂ ಇದರೊಡನೆ ಇಟ್ಟು ನೋಡಬಹುದು.

ಬೈಗುಳದ ವಿಷಯಕ್ಕೆ ಬಂದಾಗ ದಾರಿಗಳು ಬೇರೆಯಾಗುತ್ತವೆ. ಕನ್ನಡದಲ್ಲಿ ‘ಆಕಳಿನಂಥವಳು’ ಎಂದರೆ ಹೊಗಳಿಕೆ. ಅದನ್ನೇ ಇಂಗ್ಲಿಷಿಗೆ ಪದಶಃ ಇಳಿಸಿ ಒಬ್ಬ ಮಹಿಳೆಗೆ ‘ಕೌ’ ಎಂದರೆ ಜಗಳವೇ ಸರಿ. ಬುಲ್ ಗಂಡಸುತನದ, ಹಠದ ಪ್ರಾಣಿ. 1712ರಲ್ಲಿ ಜಾನ್ ಆರ್ಬತ್‌ನಾಟ್ ತನ್ನ ವಿಡಂಬನೆಯಲ್ಲಿ ಇಂಗ್ಲೆಂಡಿಗೆ ಇಟ್ಟ ಹೆಸರೇ ‘ಜಾನ್ ಬುಲ್’. ಪಿಂಗಾಣಿ ಅಂಗಡಿಗೆ ನುಗ್ಗಿದ ಬುಲ್, ಕೊಂಬು ಹಿಡಿದು ಎದುರಿಸಬೇಕಾದ ಬುಲ್, ಏರುವ ಶೇರುಪೇಟೆಯ ಬುಲ್ ಎಲ್ಲವೂ ಆ ಸ್ವಭಾವದವೇ. ಪೇಟೆಯ ಬುಲ್ಲನ್ನು ನಮ್ಮ ಪತ್ರಿಕೆಗಳು ‘ಗೂಳಿ’ ಎಂದು ಕರೆದದ್ದು ಸರಿಯಾದ ಆಯ್ಕೆ. ‘ಎತ್ತು’ ಎಂದಿದ್ದರೆ ಕೆಡುತ್ತಿತ್ತು. ಆದರೆ ‘ಸೇಕ್ರೆಡ್ ಕೌ’ ಎಂಬ ನುಡಿಯನ್ನು ‘ಪವಿತ್ರ ಗೋವು’ ಎಂದು ಬರೆಯುವುದು ಒಪ್ಪತಕ್ಕದ್ದಲ್ಲ. ಭಾರತೀಯರ ಗೋಪೂಜೆಯನ್ನು ಹೊರಗಿನಿಂದ ಕಂಡವರು ಕಟ್ಟಿದ ಆ ನುಡಿಗೆ, ಯಾರೂ ಪ್ರಶ್ನಿಸಬಾರದೆಂದು ಕಾಪಾಡಿಕೊಂಡ ವಿಷಯ ಎಂಬ ವ್ಯಂಗ್ಯಾರ್ಥವಿದೆ. ಕನ್ನಡದಲ್ಲಿ ಅದು ವ್ಯಂಗ್ಯವನ್ನು ಕಳೆದುಕೊಂಡು ಬರಿಯ ಸ್ತುತಿಯಾಗಿ ನಿಲ್ಲುತ್ತದೆ.

ಚೀನಿಯರ ‘ನ್ಯೂ’ ಇನ್ನೂ ದೂರ ಸಾಗಿದೆ. ಇಂದಿನ ಆಡುಮಾತಿನಲ್ಲಿ ಒಬ್ಬನನ್ನು ‘ನ್ಯೂ’ ಎಂದರೆ ಅವನು ಭಲೇ ಗಟ್ಟಿಗ ಎಂದರ್ಥ. ‘ನ್ಯೂ ಊದುವುದು’ ಎಂದರೆ ಬಡಾಯಿ ಕೊಚ್ಚುವುದು, ನಾವು ರೈಲು ಬಿಡುವುದು ಎನ್ನುವಂತೆ. ‘ಹಳದಿ ನ್ಯೂ’ ಎಂಬುದಕ್ಕೆ ಟಿಕೆಟುಗಳನ್ನು ಕಾಳಸಂತೆಯಲ್ಲಿ ಮಾರುವವನು ಎಂಬ ಅರ್ಥವೂ ಇದೆ. ಬಿಡಿಸಲಾಗದ ಕ್ಷುಲ್ಲಕ ಪ್ರಶ್ನೆಯಲ್ಲಿ ಸಿಕ್ಕಿಕೊಳ್ಳುವುದು ‘ನ್ಯೂ ಕೊಂಬಿನ ತುದಿಯೊಳಗೆ ಕೊರೆಯುವುದು’. ಕೋಳಿ ಕೊಯ್ಯಲು ನ್ಯೂ ಕಡಿಯುವ ಕತ್ತಿಯೇಕೆ ಎಂಬ ಮಾತು ಕನ್ಫ್ಯೂಷಿಯಸನ ಸಂವಾದಗಳಲ್ಲಿ ಬರುತ್ತದೆ. ನಾವು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎನ್ನುತ್ತೇವೆ. ‘ಒಂಬತ್ತು ನ್ಯೂಗಳ ಮೈಮೇಲಿನ ಒಂದು ಕೂದಲು’ ಎಂಬುದರ ಹಿಂದೆ ದುಃಖವಿದೆ. ಹಾನ್ ಅರಸನ ಕೋಪಕ್ಕೆ ಗುರಿಯಾಗಿ ಬೀಜ ಒಡೆಯುವ ಶಿಕ್ಷೆಯನ್ನು ಅನುಭವಿಸಿದ ಇತಿಹಾಸಕಾರ ಸೀಮಾ ಚಿಯೆನ್, ತಾನು ಸತ್ತಿದ್ದರೆ ಲೋಕಕ್ಕಾಗುತ್ತಿದ್ದ ನಷ್ಟ ಅಷ್ಟೇ ಎಂದು ಗೆಳೆಯನಿಗೆ ಬರೆದ. ಬದುಕಿ ಉಳಿದು ತನ್ನ ಇತಿಹಾಸ ಗ್ರಂಥವನ್ನು ಮುಗಿಸಿದ.

‘ನ್ಯೂ ಮುಂದೆ ವೀಣೆ ನುಡಿಸುವುದು’ ಎಂಬ ಚೀನಿ ನುಡಿಗೂ ನಮ್ಮ ‘ಕೋಣನ ಮುಂದೆ ಕಿನ್ನರಿ’ಗೂ ಇರುವ ಸಾಮ್ಯ ಯಾರನ್ನಾದರೂ ನಿಲ್ಲಿಸಿ ನೋಡುವಂತೆ ಮಾಡುತ್ತದೆ. ಚೀನಿ ಕಥೆ ಬರುವುದು ಬೌದ್ಧಧರ್ಮವನ್ನು ಸಮರ್ಥಿಸಿ ಬರೆದ ಮೌತ್ಸನ ಹಳೆಯ ಗ್ರಂಥವೊಂದರಲ್ಲಿ. ಬುದ್ಧನ ಮಾತನ್ನು ವಿವರಿಸುವಾಗ ಬೌದ್ಧ ಸೂತ್ರಗಳನ್ನು ಬಿಟ್ಟು ಚೀನಿ ಗ್ರಂಥಗಳನ್ನೇ ಏಕೆ ಉದಾಹರಿಸುತ್ತೀ ಎಂದು ಕೇಳಿದಾಗ ಆತ ಈ ದೃಷ್ಟಾಂತವನ್ನು ಕೊಡುತ್ತಾನೆ. ಸಂಗೀತಗಾರನೊಬ್ಬ ಶಾಸ್ತ್ರೀಯ ರಾಗ ನುಡಿಸಿದ, ಎತ್ತು ಹುಲ್ಲು ಮೇಯುತ್ತಲೇ ಇತ್ತು. ಸೊಳ್ಳೆಯ ಗುಂಯ್‌ಗುಟ್ಟುವಿಕೆಯನ್ನೂ ತಾಯಿಯನ್ನಗಲಿದ ಕರುವಿನ ಕೂಗನ್ನೂ ನುಡಿಸಿದಾಗ ಬಾಲ ಬೀಸಿ, ಕಿವಿ ನಿಮಿರಿಸಿ ಕೇಳಿತು. ಅಂದರೆ ಮೂಲದಲ್ಲಿ ಎತ್ತು ಮೂಢನಲ್ಲ. ಕೇಳುಗನನ್ನು ಅರಿಯದೆ ನುಡಿಸಿದವನದೇ ಕೊರತೆ. ಕಾಲಕ್ರಮದಲ್ಲಿ ಚೀನಿಯರು ಕಥೆಯ ಉತ್ತರಾರ್ಧವನ್ನು ಮರೆತು ಎತ್ತನ್ನು ಮಾತ್ರ ದೂರುವಂತಾಯಿತು. ನಮ್ಮ ಗಾದೆಗಂತೂ ಆ ಉತ್ತರಾರ್ಧವೇ ಇಲ್ಲ.

ಈ ನುಡಿಗಳಿಗೆಲ್ಲ ಈಗ ಒದಗಿರುವ ಅಪಾಯ ಒಂದೇ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರು ಸೀಮೆಯ ಭತ್ತದ ಗದ್ದೆಗಳಲ್ಲಿ ಉಳುಮೆ, ಕೊಯ್ಲು ಎಲ್ಲವೂ ಯಂತ್ರದ ಪಾಲಾಗಿದೆ. ಮಸ್ಕಿ, ಲಿಂಗಸುಗೂರಿನ ಮಳೆಯಾಶ್ರಿತ ಹೊಲಗಳಿಗೂ ಟ್ರ್ಯಾಕ್ಟರು ಹೋಗಿದೆ. ಅದರ ಬಲವನ್ನು ಅಳೆಯುವುದು ಕುದುರೆಯ ಲೆಕ್ಕದಲ್ಲಿ. ಈ ನೆಲವನ್ನು ಕುದುರೆ ಎಂದೂ ಉತ್ತದ್ದಿಲ್ಲ! ನೊಗ, ಕಣ್ಣಿ, ಮೂಗುದಾರ, ಬಾರಕೋಲು ಇವುಗಳನ್ನು ಕೈಯಲ್ಲಿ ಹಿಡಿಯದ ಮಕ್ಕಳಿಗೆ ‘ಮೂಗುದಾರ ಹಾಕು’ ಎಂಬ ಮಾತು ಪಠ್ಯಪುಸ್ತಕದ ಟಿಪ್ಪಣಿಯಾಗಿ ಮಾತ್ರ ಉಳಿಯುತ್ತದೆ. ಎತ್ತು, ಹೋರಿ, ಗೂಳಿಗಳ ಭೇದ ಅಳಿಸಿಹೋದರೆ ಕನ್ನಡವೂ ಚೀನಿಯಂತೆ ಎಲ್ಲಕ್ಕೂ ‘ದನ’ ಎನ್ನಬೇಕಾದೀತು. ಚೀನಿಯರಿಗಾದರೂ ವಿಶೇಷಣಗಳ ಆಸರೆಯಿದೆ.

ಆಚರಣೆಗಳು ಇನ್ನೂ ಉಳಿದಿವೆ. ಕಾರಹುಣ್ಣಿಮೆಯಂದು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕರಿ ಹರಿಯುತ್ತಾರೆ. ಮುಂದೆ ಬಂದ ಎತ್ತಿನ ಬಣ್ಣ ನೋಡಿ ಆ ವರ್ಷ ಯಾವ ಬೆಳೆ ಕೈಹಿಡಿಯುವುದೆಂದು ಹೇಳುತ್ತಾರೆ. ಅದಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಚೀನದಲ್ಲಿಯೂ ವಸಂತಾರಂಭದ ದಿನ, ಅಂದರೆ ಫೆಬ್ರುವರಿ 4ರ ಸುಮಾರಿಗೆ, ಮಣ್ಣಿನ ‘ವಸಂತದ ನ್ಯೂ’ವನ್ನು ಮಾಡಿ, ಆ ವರ್ಷದ ಪಂಚಾಂಗಕ್ಕೆ ತಕ್ಕ ಬಣ್ಣ ಬಳಿದು, ಅಧಿಕಾರಿಗಳೇ ಬಾರಕೋಲಿನಿಂದ ಹೊಡೆದು ಒಡೆಯುತ್ತಿದ್ದರು. ಚೂರಾದ ಮಣ್ಣನ್ನು ರೈತರು ಹೊಲಕ್ಕೆ ಒಳ್ಳೆಯದೆಂದು ಮುಗಿಬಿದ್ದು ಒಯ್ಯುತ್ತಿದ್ದರು. ನಮ್ಮಲ್ಲಿ ಮಣ್ಣೆತ್ತನ್ನು ಯಾರೂ ಹೊಡೆಯುವುದಿಲ್ಲ. ಗ್ವಾದಲಿಯ ಮುಂದಿಟ್ಟು ಹೋಳಿಗೆಯ ಎಡೆ ಹಿಡಿಯುತ್ತಾರೆ.