ಇಂಗಿತವರಿತವರ ಊಳಿಗ

ಊಳಿಗದವನಿಗೆ ಇರಬೇಕಾದ ಗುಣಗಳನ್ನು ಎಣಿಸುವಾಗ ನಮ್ಮ ಹಿರಿಯರು ಇಂಗಿತಜ್ಞತೆಗೆ, ಎಂದರೆ ಒಡೆಯನು ಬಾಯಿಬಿಟ್ಟು ಹೇಳದುದನ್ನು ಅವನ ಹುಬ್ಬು, ನೋಟ, ನಿಟ್ಟುಸಿರುಗಳಿಂದಲೇ ಅರಿತುಕೊಳ್ಳುವ ಜಾಣ್ಮೆಗೆ, ಹಿರಿದಾದ ಸ್ಥಾನವನ್ನಿತ್ತಿದ್ದರು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತ ತಾಳೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಐದನೆಯ ಅಧಿಕರಣದಲ್ಲಿ ಈ ವಿದ್ಯೆಯ ಲಕ್ಷಣಗಳು ವಿವರವಾಗಿಯೇ ಇವೆ: ಕಂಡೊಡನೆ ಪ್ರಸನ್ನನಾಗುವುದು, ಆಸನವನ್ನೀಯುವುದು, ಮಾತನ್ನು ಮನ್ನಿಸುವುದು ತುಷ್ಟಿಯ ಚಿಹ್ನೆಗಳು; ಇವುಗಳ ವಿಪರೀತವೇ ಅತುಷ್ಟಿ. ಕ್ರೌಂಚಪಕ್ಷಿ ಎಡಕ್ಕೆ ಹಾರಿತೆಂಬಷ್ಟರಿಂದಲೇ ಕೇಡನ್ನೂಹಿಸಿ ಆಸ್ಥಾನವನ್ನು ತೊರೆದ ಆಚಾರ್ಯನೊಬ್ಬನ ಉಲ್ಲೇಖವೂ ಅಲ್ಲಿದೆ. ಆದರೆ ಕೌಟಿಲ್ಯನು ಅಷ್ಟಕ್ಕೇ ನಿಲ್ಲದೆ, ಒಡೆಯನ ಶೀಲವನ್ನೂ ತನ್ನ ತಪ್ಪನ್ನೂ ಅರಿತು ಸರಿಪಡಿಸಿಕೊಳ್ಳುವ ಎರಡನೆಯ ದಾರಿಯನ್ನೂ ತೋರಿದನು.

ಈ ಎರಡನೆಯ ದಾರಿ ಬೆಂಗಳೂರಿನ ಹೊರವಲಯದಲ್ಲಿ ಒಂದು ಕಸುಬಿನ ಶಿಕ್ಷಣವೇ ಆಯಿತು. 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಸ್ಥಾಪಿತವಾಗಿ ಜಾಲಹಳ್ಳಿಯ ಸುತ್ತ ಯಂತ್ರವಿದ್ಯೆ ಬೇರೂರಿದ ಮೇಲೆ, 1970ರ ದಶಕದಲ್ಲಿ ನೆರೆಯ ಪೀಣ್ಯದಲ್ಲಿ ಸಣ್ಣ ಸಣ್ಣ ಶೆಡ್ಡುಗಳು ಸಾಲಾಗಿ ಎದ್ದವು. ಲೇತು, ಪ್ರೆಸ್ಸು, ಗ್ರೈಂಡರುಗಳ ಗದ್ದಲದಲ್ಲಿ ಮಾತು ಕಿವಿಗೆ ತಲಪುವಂತಿರಲಿಲ್ಲವಾದ್ದರಿಂದ ಕಣ್ಣಸನ್ನೆ, ಕೈಸನ್ನೆಗಳೇ ಆಡುಮಾತಾದುವು. ಮೇಸ್ತ್ರಿಯು ಯಂತ್ರದಿಂದ ಆಗತಾನೆ ಇಳಿಸಿದ ಜಾಬನ್ನು, ಎಂದರೆ ಕಡೆದ ಬಿಡಿಭಾಗವನ್ನು, ಎತ್ತಿಕೊಂಡು, ಮೈಕ್ರೋಮೀಟರಿನಿಂದ ಅಳೆದು, ಅದರ ಅಂಚಿನ ಮೇಲೆ ಹೆಬ್ಬೆರಳನ್ನು ಮೆಲ್ಲನೆ ಸವರುವನು. ಬೆರಳು ತಡೆಯದೆ ಜಾರಿದರೆ ಜಾಬು ಟ್ರೇ ಸೇರುವುದು, ನಡುವೆ ನಿಂತಿತೆಂದರೆ ಅಂಚಿನಲ್ಲಿ ಮುಳ್ಳು ಉಳಿದಿದೆಯೆಂದು ಎದುರಿಗಿದ್ದ ಹೆಲ್ಪರ್ ಹುಡುಗನಿಗೆ ಎದೆ ಧಸಕ್ಕೆನ್ನುವುದು. ಬಲ್ಲ ಮೇಸ್ತ್ರಿಯಾದರೋ ಗದರಿಸದೆ, ಹುಡುಗನ ಬೆರಳನ್ನೇ ಹಿಡಿದು ಅದೇ ಅಂಚಿನ ಮೇಲಿರಿಸುತ್ತಿದ್ದನು.

ಇತ್ತ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರ ಕನಸಿನಂತೆ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. 1882ರಲ್ಲಿ ಆಂಗ್ಲೋ-ಇಂಡಿಯನ್ನರ ಬೇಸಾಯದ ವಸತಿಯಾಗಿ ಹುಟ್ಟಿದ ವೈಟ್‌ಫೀಲ್ಡಿನಲ್ಲಿ 1990ರ ದಶಕದಲ್ಲಿ ಐಟಿಪಿಎಲ್ ಎಂಬ ಟೆಕ್ ಪಾರ್ಕು ಎದ್ದಿತು. ಇಲ್ಲಿ ಯಂತ್ರದ ಗದ್ದಲವಿಲ್ಲ, ಮಾತಿಗೆ ಅಡ್ಡಿಯಿಲ್ಲ. ಆದರೂ ಮ್ಯಾನೇಜರರು “ನೋಡೋಣ” ಎನ್ನುತ್ತಲೇ ಕಣ್ಣನ್ನು ಲ್ಯಾಪ್‌ಟಾಪಿಗೆ ಹೊರಳಿಸಿದರೆ ರಜೆಯ ಕೋರಿಕೆ ಅಲ್ಲಿಗೇ ಮುಗಿಯಿತೆಂದು ಕಿರಿಯರು ತಿಳಿಯುವರು. “ಆಗಲಿ” ಎಂಬರ್ಥದಲ್ಲಿ ನಾವು ತಲೆಯನ್ನು ಎಡಬಲಕ್ಕೆ ತೂಗಿದರೆ ಪರದೇಶದ ಅಧಿಕಾರಿಗೆ ಅದು ನಿರಾಕರಣೆಯಂತೆ ತೋರಬಲ್ಲದು. 2020ರ ಮಾರ್ಚಿನ ಲಾಕ್‌ಡೌನ್ ಮ್ಯಾನೇಜರರ ಮುಖವನ್ನೂ ಅಂಗೈಯಗಲದ ಚೌಕಕ್ಕೆ ಇಳಿಸಿತು. ಕ್ಯಾಮೆರಾ ಆರಿದಾಗ ಉಳಿದುದು ಬರಿಯ ಮೌನ, ಆ ಮೌನಕ್ಕೆ ಹತ್ತು ಅರ್ಥ ಕಟ್ಟಿ ನಿದ್ದೆಗೆಟ್ಟವರು ಎಷ್ಟೋ ಮಂದಿ.

ಇಂಗಿತವನ್ನರಿಯುವ ಭಾರವನ್ನೆಲ್ಲ ಕಿರಿಯರ ಮೇಲೆ ಹೊರಿಸುವುದು ನ್ಯಾಯವಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ತನ್ನ ತಪ್ಪನ್ನರಿತು ತಿದ್ದಿಕೊಳ್ಳೆಂದು ಕೌಟಿಲ್ಯನು ಹೇಳಿದುದು ಸರಿಯೇ. ಆದರೆ ತಪ್ಪು ಎಲ್ಲಿದೆಯೆಂದು ತೋರಿಸುವವರು ಬೇಡವೆ? ಹುಬ್ಬುಗಂಟಿಕ್ಕಿ ಸುಮ್ಮನಾಗುವ ಒಡೆಯನಿಂದ ಕಿರಿಯನು ಕಲಿಯುವುದು ಅಂಜಿಕೆಯನ್ನು ಮಾತ್ರ. ಪೀಣ್ಯದ ಆ ಹುಡುಗನಾದರೋ ಮರುದಿನ ಜಾಬನ್ನು ಮೇಸ್ತ್ರಿಯ ಕೈಗೆ ಕೊಡುವ ಮೊದಲು, ಅವನ ಮುಖವನ್ನು ನೋಡದೆ, ಅಂಚಿನ ಮೇಲೆ ತನ್ನ ಹೆಬ್ಬೆರಳನ್ನೇ ಸವರಿ ನೋಡುತ್ತಿದ್ದನು.