ಲಿಪ್ ಬಾಮ್ ಕೊಳ್ಳುವ ಮುನ್ನ ಹಿಂಬದಿಯ ಲೇಬಲ್ ಓದಿ: ತುಟಿಯ ತೇವ ಕಾಯುವ ನೈಸರ್ಗಿಕ ಪದಾರ್ಥಗಳು ಯಾವುವು?

ಡಿಸೆಂಬರ್ ಬಂತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈ ಭಾಗದಲ್ಲಿ ಬೆಳಗಿನ ಗಾಳಿಯ ಸ್ವಭಾವವೇ ಬದಲಾಗುತ್ತದೆ. ವರ್ಷದ ಬಹುಪಾಲು ಜಿಗುಟು ಸೆಕೆಯಲ್ಲಿ ಬೇಯುವ ಈ ಊರುಗಳಿಗೆ ಚಳಿಗಾಲದಲ್ಲಿ ಒಳನಾಡಿನ ಒಣಗಾಳಿ ಬರುತ್ತದೆ. ಕಡಲಿನಿಂದ ದೂರವಿರುವ ಕಲ್ಯಾಣ್, ಡೊಂಬಿವಲಿಯಲ್ಲಿ ಇದರ ಅನುಭವ ಇನ್ನಷ್ಟು ಹೆಚ್ಚು. ಬೆಳಗ್ಗೆ ಲೋಕಲ್ ರೈಲಿನ ಕಿಟಕಿ ಗಾಳಿ, ಆಮೇಲೆ ಐರೋಲಿ, ಮಹಾಪೆ, ಬೇಲಾಪುರದ ಕಚೇರಿಗಳಲ್ಲಿ ದಿನವಿಡೀ ಎಸಿ. ಮೊದಲು ಒಡೆಯುವುದು ತುಟಿ.

ಆಗ ನೆನಪಾಗುವುದು ಲಿಪ್ ಬಾಮ್. ಅಂಗಡಿಗೆ ಹೋದರೆ 'ನೈಸರ್ಗಿಕ', 'ಹೈಡ್ರೇಟಿಂಗ್', 'ಹರ್ಬಲ್' ಎಂದು ಬರೆದ ಹತ್ತಾರು ಡಬ್ಬಿಗಳು. ಆದರೆ ಆಯ್ಕೆಗೆ ನೆರವಾಗುವ ಮಾಹಿತಿ ಇರುವುದು ಡಬ್ಬಿಯ ಮುಂಭಾಗದಲ್ಲಲ್ಲ, ಹಿಂಬದಿಯ ಸಣ್ಣ ಅಕ್ಷರಗಳಲ್ಲಿ.

ತುಟಿ ಮಾತ್ರ ಬೇಗ ಒಣಗುವುದೇಕೆ?

ಕೆನ್ನೆ, ಹಣೆಯ ಚರ್ಮದಲ್ಲಿ ಎಣ್ಣೆ ಗ್ರಂಥಿಗಳಿರುತ್ತವೆ. ಅವು ಸ್ರವಿಸುವ ಜಿಡ್ಡು ಚರ್ಮದ ನೀರು ಆರಿಹೋಗದಂತೆ ತಡೆಯುತ್ತದೆ. ತುಟಿಯ ಕೆಂಪು ಭಾಗದಲ್ಲಿ ಬೆವರು ಗ್ರಂಥಿಯೂ ಇಲ್ಲ, ಆ ಜಿಡ್ಡಿನ ರಕ್ಷಣೆಯೂ ಬಹುತೇಕ ಇಲ್ಲ. ಹೊರಪದರವೂ ತೀರಾ ತೆಳು. ಬಿಸಿಲಿನಿಂದ ಕಾಪಾಡುವ ಮೆಲನಿನ್ ಕೂಡ ಕಡಿಮೆ.

ತುಟಿ ಒಣಗಿದಾಗ ನಾಲಿಗೆಯಿಂದ ಸವರಿಕೊಳ್ಳುವ ಅಭ್ಯಾಸ ಹಲವರಿಗಿದೆ. ಎಂಜಲು ಆರುವಾಗ ತುಟಿಯಲ್ಲಿದ್ದ ತೇವವನ್ನೂ ಕೊಂಡೊಯ್ಯುತ್ತದೆ. ಅದರಲ್ಲಿರುವ ಜೀರ್ಣಕಾರಿ ಕಿಣ್ವಗಳು ತೆಳು ಚರ್ಮವನ್ನು ಕೆರಳಿಸುತ್ತವೆ. ಹೀಗಾಗಿ ಸವರಿದಷ್ಟೂ ತುಟಿ ಒಡೆಯುತ್ತದೆ.

ಬಾಮ್ ಒಳಗೆ ಮೂರು ಬಗೆಯ ಪದಾರ್ಥ

ಲಿಪ್ ಬಾಮ್ ತುಟಿಗೆ ಹೊರಗಿನಿಂದ ನೀರು ತುಂಬುತ್ತದೆ ಎಂಬುದು ತಪ್ಪು ಕಲ್ಪನೆ. ಸಾಮಾನ್ಯ ಬಾಮ್‌ನಲ್ಲಿ ನೀರೇ ಇರುವುದಿಲ್ಲ. ಇರುವ ತೇವವನ್ನು ಹಿಡಿದಿಡುವುದೇ ಅದರ ಮುಖ್ಯ ಕೆಲಸ. ಇದಕ್ಕಾಗಿ ಮೂರು ಬಗೆಯ ಪದಾರ್ಥಗಳನ್ನು ಬಳಸುತ್ತಾರೆ.

1. ನೀರನ್ನು ಸೆಳೆಯುವವು: ಗ್ಲಿಸರಿನ್, ಜೇನುತುಪ್ಪ, ಹೈಲುರಾನಿಕ್ ಆಮ್ಲ. ಒಣಹವೆಯಲ್ಲಿ ಇವನ್ನಷ್ಟೇ ಹಚ್ಚಿದರೆ ಚರ್ಮದ ಒಳಪದರದಿಂದಲೇ ನೀರನ್ನು ಮೇಲಕ್ಕೆಳೆದು ಗಾಳಿಗೆ ಬಿಟ್ಟುಕೊಡಬಹುದು. ಮೇಲೊಂದು ಮುಚ್ಚುಪದರ ಬೇಕೇಬೇಕು.

2. ಮೃದುಗೊಳಿಸುವವು: ಕೋಕಂ ಬೆಣ್ಣೆ, ಶಿಯಾ ಬೆಣ್ಣೆ, ಕೋಕೋ ಬೆಣ್ಣೆ, ಬಾದಾಮಿ ಎಣ್ಣೆ, ತೆಂಗಿನೆಣ್ಣೆ, ಹರಳೆಣ್ಣೆ. ಬಿರುಕುಗಳ ನಡುವೆ ಇಳಿದು ತುಟಿಯನ್ನು ನಯವಾಗಿಸುತ್ತವೆ.

3. ಮುಚ್ಚಿಡುವವು: ಜೇನುಮೇಣ, ಸಸ್ಯಮೂಲದ ಕ್ಯಾಂಡೆಲಿಲ್ಲಾ ಮತ್ತು ಕಾರ್ನೌಬಾ ಮೇಣ, ಪೆಟ್ರೋಲಿಯಂ ಜೆಲ್ಲಿ. ತೇವ ಹೊರಹೋಗದಂತೆ ತಡೆಯುತ್ತವೆ.

ಎಸಿ ಕಚೇರಿಯಲ್ಲಿ ಕೂರುವವರಿಗೆ ಎರಡನೆಯ ಮತ್ತು ಮೂರನೆಯ ಗುಂಪಿನ ಪದಾರ್ಥಗಳು ಪಟ್ಟಿಯ ಆರಂಭದಲ್ಲಿರುವ ಬಾಮ್ ಸೂಕ್ತ.

ನಮ್ಮ ಪುನರ್ಪುಳಿಯೇ ಇಲ್ಲಿನ ಕೋಕಂ

ಪಶ್ಚಿಮ ಘಟ್ಟದ ಗಾರ್ಸಿನಿಯಾ ಇಂಡಿಕಾ ಮರವನ್ನು ಮರಾಠಿಯಲ್ಲಿ ಕೋಕಂ ಎನ್ನುತ್ತಾರೆ. ಉಡುಪಿ, ದಕ್ಷಿಣ ಕನ್ನಡದಿಂದ ಬಂದು ಡೊಂಬಿವಲಿ, ಥಾಣೆಯಲ್ಲಿ ನೆಲೆಸಿದವರಿಗೆ ಅದು ಪುನರ್ಪುಳಿ. ಉತ್ತರ ಕನ್ನಡ, ಮಲೆನಾಡಿನವರಿಗೆ ಮುರುಗಲು. ಸಿಪ್ಪೆ ಸಾರಿಗೆ, ಶರಬತ್ತಿಗೆ ಹೋದರೆ, ಬೀಜದಿಂದ ಸಿಗುವ ಗಟ್ಟಿ ಕೊಬ್ಬೇ ಮುರುಗಲ ತುಪ್ಪ. ಒಡೆದ ತುಟಿ, ಹಿಮ್ಮಡಿಗೆ ಅದನ್ನು ಹಚ್ಚುವುದು ಕೊಂಕಣದಲ್ಲೂ ಮಲೆನಾಡಿನಲ್ಲೂ ಹಳೆಯ ರೂಢಿ. ಕೊಂಕಣದ ಪದಾರ್ಥ ಮಾರುವ ಅಂಗಡಿಗಳಲ್ಲಿ 'ಕೋಕಂ ತೇಲ್' ಎಂದು ಕೇಳಿದರೆ ಬಿಳಿ, ಹಳದಿ ಮಿಶ್ರಿತ ಗಟ್ಟಿ ಉಂಡೆಗಳ ರೂಪದಲ್ಲಿ ಸಿಗುತ್ತದೆ.

ಈ ಭಾಗದ ಹವೆಗೆ ಇದು ಹೊಂದುವುದಕ್ಕೆ ಕಾರಣವಿದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಹಾಗಾಗಿ ತೆಂಗಿನೆಣ್ಣೆಯೇ ಹೆಚ್ಚಿರುವ ಬಾಮ್ ಏಪ್ರಿಲ್, ಮೇ ತಿಂಗಳಲ್ಲಿ ಕೈಚೀಲದಲ್ಲೇ ನೀರಾಗುತ್ತದೆ. ಕೋಕೋ ಬೆಣ್ಣೆ 34ರಿಂದ 38 ಡಿಗ್ರಿಯಲ್ಲಿ ಕರಗಿದರೆ, ಕೋಕಂ ಬೆಣ್ಣೆ ಕರಗಲು ಸುಮಾರು 40 ಡಿಗ್ರಿ ಬೇಕು. ಜೇನುಮೇಣ 62ರಿಂದ 64 ಡಿಗ್ರಿಯವರೆಗೆ ಗಟ್ಟಿಯಾಗಿಯೇ ಇರುತ್ತದೆ.

ಲೇಬಲ್ ಓದುವುದು ಹೇಗೆ?

ಭಾರತದಲ್ಲಿ ಸೌಂದರ್ಯವರ್ಧಕಗಳಿಗೆ 2020ರ ಕಾಸ್ಮೆಟಿಕ್ಸ್ ನಿಯಮಗಳು ಅನ್ವಯಿಸುತ್ತವೆ. ಅದರಂತೆ ಹೆಚ್ಚು ಪ್ರಮಾಣದಲ್ಲಿರುವ ಪದಾರ್ಥ ಪಟ್ಟಿಯಲ್ಲಿ ಮೊದಲು ಬರಬೇಕು. ಶೇ 1 ಅಥವಾ ಅದಕ್ಕಿಂತ ಕಡಿಮೆ ಇರುವವುಗಳನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಅಂದರೆ ಬಾಮ್‌ನ ನಿಜವಾದ ಗುಣವನ್ನು ಹೇಳುವುದು ಮೊದಲ ನಾಲ್ಕೈದು ಹೆಸರುಗಳು. 'ಕೋಕಂ ಬಾಮ್' ಎಂದು ದೊಡ್ಡದಾಗಿ ಬರೆದು, ಪಟ್ಟಿಯ ತುದಿಯಲ್ಲಿ ಕೋಕಂ ಇದ್ದರೆ ಅದು ಹೆಸರಿಗಷ್ಟೇ.

ಪಟ್ಟಿಯಲ್ಲಿ ವೈಜ್ಞಾನಿಕ ಹೆಸರುಗಳಿರುವುದರಿಂದ ಗಾಬರಿ ಬೇಡ. ಸೆರಾ ಆಲ್ಬಾ ಎಂದರೆ ಜೇನುಮೇಣ. ರಿಸಿನಸ್ ಕಮ್ಯುನಿಸ್ ಹರಳೆಣ್ಣೆ. ಕೋಕಸ್ ನ್ಯುಸಿಫೆರಾ ತೆಂಗಿನೆಣ್ಣೆ. ಬ್ಯುಟಿರೋಸ್ಪರ್ಮಮ್ ಪಾರ್ಕಿ ಶಿಯಾ ಬೆಣ್ಣೆ. ಟೊಕೊಫೆರಾಲ್ ಎಂದರೆ ವಿಟಮಿನ್ ಇ. 'ಪರ್ಫಮ್' ಅಥವಾ 'ಫ್ರಾಗ್ರೆನ್ಸ್' ಎಂದಿದ್ದರೆ ಸುಗಂಧ ಸೇರಿಸಲಾಗಿದೆ ಎಂದರ್ಥ.

ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇವೆಯೇ ಎಂದೂ ನೋಡಿ. ರೈಲು ನಿಲ್ದಾಣದ ಹೊರಗೆ ಸಿಗುವ, ಲೇಬಲ್ ಇಲ್ಲದ ಬಣ್ಣದ ಬಾಮ್ ಅಗ್ಗವೆಂದು ಕೊಳ್ಳುವುದು ಬೇಡ. ಹಚ್ಚಿದ್ದರಲ್ಲಿ ಸ್ವಲ್ಪವಾದರೂ ಬಾಯಿಗೆ ಹೋಗುತ್ತದೆ. ಸೌಂದರ್ಯವರ್ಧಕಗಳ ಬಣ್ಣದಲ್ಲಿ ಸೀಸ 20 ಪಿಪಿಎಂ, ಆರ್ಸೆನಿಕ್ 2 ಪಿಪಿಎಂ ಮೀರಬಾರದೆಂಬ ನಿಯಮವಿದೆ. ಲೇಬಲ್ ಇಲ್ಲದ ಡಬ್ಬಿಗೆ ಆ ಖಾತ್ರಿ ಕೊಡುವವರಿಲ್ಲ.

ನೈಸರ್ಗಿಕ ಎಂದ ಮಾತ್ರಕ್ಕೆ ಸೌಮ್ಯವಲ್ಲ

ಪುದೀನ, ದಾಲ್ಚಿನ್ನಿ, ನಿಂಬೆ, ನೀಲಗಿರಿ ಎಣ್ಣೆ, ಕರ್ಪೂರ ಎಲ್ಲವೂ ಗಿಡಮರಗಳಿಂದಲೇ ಬರುತ್ತವೆ. ಆದರೆ ಒಡೆದ ತುಟಿಗೆ ಇವೇ ಶತ್ರು. ಅಮೆರಿಕನ್ ಅಕಾಡೆಮಿ ಆಫ್ ಡರ್ಮಟಾಲಜಿ ಇವುಗಳ ಜೊತೆಗೆ ಮೆಂಥಾಲ್, ಫಿನಾಲ್, ಸ್ಯಾಲಿಸಿಲಿಕ್ ಆಮ್ಲ ಇರುವ ಬಾಮ್‌ಗಳನ್ನೂ ದೂರವಿಡಲು ಹೇಳುತ್ತದೆ. ಹಚ್ಚಿದಾಗ ಚುರುಚುರು ಎಂದರೆ ಔಷಧಿ ಕೆಲಸ ಮಾಡುತ್ತಿದೆ ಎಂದು ಹಲವರು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಚರ್ಮ ಕೆರಳಿದ ಲಕ್ಷಣ. ಕೆರಳಿದ ತುಟಿ ಮತ್ತೆ ಒಣಗುತ್ತದೆ, ಮತ್ತೆ ಬಾಮ್ ಬೇಕೆನಿಸುತ್ತದೆ.

ಜೇನುಮೇಣದ ಜೊತೆ ಬರುವ ಪ್ರೊಪೊಲಿಸ್, ಕುರಿಯ ಉಣ್ಣೆಯಿಂದ ಬರುವ ಲ್ಯಾನೊಲಿನ್, ಕೆಲವೊಮ್ಮೆ ಹರಳೆಣ್ಣೆ ಕೂಡ ಕೆಲವರಿಗೆ ಅಲರ್ಜಿ ತರಬಹುದು. ಹೊಸ ಬಾಮ್ ಅನ್ನು ಎರಡು ಮೂರು ದಿನ ಮೊಣಕೈ ಒಳಭಾಗಕ್ಕೆ ಹಚ್ಚಿ ನೋಡುವುದು ಒಳ್ಳೆಯದು.

ಇನ್ನೊಂದೆಡೆ, ಪೆಟ್ರೋಲಿಯಂ ಜೆಲ್ಲಿ ಸಸ್ಯಮೂಲದ್ದಲ್ಲ ಎಂಬುದು ನಿಜ. ಆದರೆ ಶುದ್ಧೀಕರಿಸಿದ ಜೆಲ್ಲಿ ತೇವ ತಡೆಯುವುದರಲ್ಲಿ ಬಹಳ ಪರಿಣಾಮಕಾರಿ, ಅಲರ್ಜಿಯೂ ತೀರಾ ಅಪರೂಪ. ಯಾವ ನೈಸರ್ಗಿಕ ಬಾಮ್ ಕೂಡ ಒಗ್ಗದವರು ಸುಗಂಧವಿಲ್ಲದ ಬಿಳಿ ಜೆಲ್ಲಿ ಬಳಸಬಹುದು.

ಮನೆಯಲ್ಲೇ ಮಾಡಿಕೊಳ್ಳುವುದಾದರೆ

ತೂಕದಲ್ಲಿ ಒಂದು ಪಾಲು ಜೇನುಮೇಣ, ಒಂದು ಪಾಲು ಕೋಕಂ ಬೆಣ್ಣೆ, ಎರಡು ಪಾಲು ಬಾದಾಮಿ ಅಥವಾ ತೆಂಗಿನೆಣ್ಣೆ ತೆಗೆದುಕೊಳ್ಳಿ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ಒಣಗಿದ ಶುಚಿ ಡಬ್ಬಿಗೆ ಸುರಿಯಿರಿ. ಬೇಸಿಗೆಗೆ ಮೇಣ ತುಸು ಹೆಚ್ಚಿರಲಿ. ಗುಲಾಬಿ ನೀರು, ಅಲೋವೆರಾ ರಸ, ನಿಂಬೆರಸ ಸೇರಿಸಬೇಡಿ. ನೀರಿನಂಶ ಸೇರಿದರೆ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಹಳೆ ಎಣ್ಣೆಯಂತೆ ಕಮಟು ವಾಸನೆ ಬಂದರೆ ಎಸೆಯಿರಿ.

ಬಳಸುವಾಗ ಗಮನಿಸಿ

* ನೀರು ಕುಡಿದ ಅಥವಾ ಮುಖ ತೊಳೆದ ಬಳಿಕ, ತುಟಿ ತುಸು ಒದ್ದೆ ಇರುವಾಗಲೇ ಹಚ್ಚಿ. ಮಲಗುವ ಮುನ್ನ ದಪ್ಪಗೆ ಹಚ್ಚಿ.
* ಬಿಸಿಲಿನಲ್ಲಿ ಓಡಾಡುವವರು ಎಸ್‌ಪಿಎಫ್ 30 ಅಥವಾ ಹೆಚ್ಚಿನ ಬಾಮ್ ಬಳಸಿ, 2 ಗಂಟೆಗೊಮ್ಮೆ ಮತ್ತೆ ಹಚ್ಚಿ.
* ಸಿಪ್ಪೆ ಎದ್ದರೆ ಕೀಳಬೇಡಿ.
* ಒಂದೇ ಬಾಮ್ ಅನ್ನು ಮನೆಮಂದಿಯೆಲ್ಲ ಹಂಚಿಕೊಳ್ಳಬೇಡಿ. ತುಟಿಯಂಚಿನ ಜ್ವರಗುಳ್ಳೆಗೆ ಕಾರಣವಾಗುವ ಹರ್ಪಿಸ್ ವೈರಸ್ ಹರಡಬಹುದು.
* ಒಂದು ವರ್ಷದೊಳಗಿನ ಶಿಶುಗಳ ತುಟಿಗೆ ಜೇನುತುಪ್ಪ ಹಚ್ಚಬೇಡಿ.

ವೈದ್ಯರನ್ನು ಕಾಣಬೇಕಾದದ್ದು ಯಾವಾಗ?

ಬಾಯಿಯ ಮೂಲೆಗಳು ಪದೇ ಪದೇ ಸೀಳುತ್ತಿದ್ದರೆ ಅದು ಶಿಲೀಂಧ್ರ ಸೋಂಕು, ಕಬ್ಬಿಣಾಂಶ ಅಥವಾ ಬಿ ವಿಟಮಿನ್ ಕೊರತೆಯಿಂದ ಇರಬಹುದು. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ತುಟಿ ಒಣಗುವುದು ಸಾಮಾನ್ಯ. ಅಂಥವರು ಮಾತ್ರೆ ಕೊಟ್ಟ ವೈದ್ಯರಿಗೆ ತಿಳಿಸಬೇಕು. ಕೆಳತುಟಿಯಲ್ಲಿ ಬಿಳಿ ಮಚ್ಚೆ, ಗಟ್ಟಿ ಭಾಗ ಅಥವಾ ಎರಡು ಮೂರು ವಾರವಾದರೂ ಮಾಯದ ಹುಣ್ಣು ಇದ್ದರೆ, ವಿಶೇಷವಾಗಿ ತಂಬಾಕು, ಗುಟ್ಕಾ ಅಭ್ಯಾಸವಿರುವವರು, ತಡಮಾಡದೆ ಚರ್ಮರೋಗ ಅಥವಾ ದಂತ ವೈದ್ಯರನ್ನು ಕಾಣಬೇಕು. ಅದು ಕ್ಯಾನ್ಸರ್‌ನ ಮುನ್ಸೂಚನೆಯೂ ಆಗಿರಬಹುದು. ಅಂಥ ಹುಣ್ಣಿನ ಮೇಲೆ ಬಾಮ್ ಹಚ್ಚುತ್ತಾ ದಿನ ದೂಡುವುದು ಅಪಾಯಕಾರಿ.