ಚಾಲಕರ ಸಾಕ್ಷ್ಯ: ಬೋಯಿಂಗ್ 737 ವಿಮಾನದ ಎಚ್ಚರಿಕೆಯ ಸಂಜ್ಞೆಗಳ ಇತಿಹಾಸ

ಯಂತ್ರಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ನಿರ್ಮಾಪಕರ ದಾಖಲೆಗಳನ್ನೂ ಸರಕಾರದ ನಿಬಂಧನೆಗಳನ್ನೂ ಆಧಾರವಾಗಿ ಹಿಡಿಯುತ್ತಾರೆ. ಯಂತ್ರವನ್ನು ನಡೆಸುವವರ ಮಾತಿಗೆ ಅಲ್ಲಿ ಸ್ಥಾನ ದೊರೆಯುವುದು ಅಪರೂಪ. ಈ ಪದ್ಧತಿಯ ಕೊರತೆಯನ್ನು ತೋರಲು ಬೋಯಿಂಗ್ 737 ವಿಮಾನದ ಚರಿತ್ರೆ ಉತ್ತಮ ನಿದರ್ಶನ. ಇದರ ಚಾಲಕರು ಅರ್ಧ ಶತಮಾನದ ಅವಧಿಯಲ್ಲಿ ಎರಡು ಬಾರಿ, ವಿಮಾನದ ಯಂತ್ರಾಂಗಗಳ ಮೇಲೆ ಕಣ್ಣಿಡಬೇಕಾದವರು ಯಾರೆಂಬ ಒಂದೇ ಪ್ರಶ್ನೆಯನ್ನು ಎತ್ತಿದರು. ಆ ಎರಡು ವಾದಗಳ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

737 ವಿಮಾನವು 1967ರಲ್ಲಿ ಮೊದಲು ಹಾರಿ, ಅದೇ ವರ್ಷ ಅಮೆರಿಕಾ ಸರಕಾರದ ಪ್ರಮಾಣಪತ್ರವನ್ನು ಪಡೆಯಿತು. ಇದನ್ನು ಇಬ್ಬರು ಚಾಲಕರಿಗಾಗಿಯೇ ರಚಿಸಲಾಗಿತ್ತು. ಮೂರನೆಯವನೊಬ್ಬನು ಇರಲೇಬೇಕೆಂದು ಅಮೆರಿಕೆಯ ಚಾಲಕರ ಸಂಘವು ಪಟ್ಟುಹಿಡಿಯಿತು; ಕೆಲವು ಕಂಪನಿಗಳ ವಿಮಾನಗಳು ಬಹುಕಾಲ ಮೂವರೊಡನೆಯೇ ಹಾರಿದವು. 1981ರಲ್ಲಿ ಅಧ್ಯಕ್ಷರು ನೇಮಿಸಿದ ಸಮಿತಿಯೊಂದು, ಇಬ್ಬರಿಂದ ವಿಮಾನವನ್ನು ಸುರಕ್ಷಿತವಾಗಿ ನಡೆಸಬಹುದೆಂದು ನಿರ್ಣಯಿಸಿದ ಮೇಲೆ ಆ ವಿವಾದ ಮುಗಿಯಿತು.

ಆ ಸಮಯದಲ್ಲಿಯೇ ನಿರ್ಮಾಣವಾಗುತ್ತಿದ್ದ 757 ಮತ್ತು 767 ವಿಮಾನಗಳಲ್ಲಿ, ಮೂರನೆಯವನು ಮಾಡುತ್ತಿದ್ದ ಕಾವಲಿನ ಕೆಲಸದ ಬಹುಭಾಗವನ್ನು 'ಐಕಾಸ್' ಎಂಬ ವ್ಯವಸ್ಥೆಗೆ ವಹಿಸಲಾಯಿತು. ದೋಷವೊಂದು ತಲೆದೋರಿದರೆ ಅದರ ಹೆಸರು ಚಾಲಕರ ಎದುರಿನ ಪರದೆಯ ಮೇಲೆ ಅಕ್ಷರಗಳಲ್ಲಿ ಮೂಡುತ್ತದೆ. ಒಡನೆ ಕ್ರಮ ಕೈಗೊಳ್ಳಬೇಕಾದದ್ದು ಕೆಂಪು ಬಣ್ಣದಲ್ಲಿ ಮೇಲೆಯೂ, ಅಷ್ಟು ತುರ್ತಲ್ಲದ್ದು ಹಳದಿ ಬಣ್ಣದಲ್ಲಿ ಕೆಳಗೂ ಬರುತ್ತದೆ. 737ರಲ್ಲಾದರೋ ಹಾಗಿಲ್ಲ. ಮೊದಲು ಒಂದು ಸಾಮಾನ್ಯ ದೀಪ ಹೊತ್ತುತ್ತದೆ. ಪಕ್ಕದ ಚಿಕ್ಕ ಫಲಕವು ದೋಷವು ಯಾವ ವಿಭಾಗದ್ದೆಂದು ಮಾತ್ರ ಸೂಚಿಸುತ್ತದೆ. ಅನಂತರ ಚಾಲಕನು ತಲೆಯೆತ್ತಿ, ಮೇಲಿನ ಹಲಗೆಯ ದೀಪಗಳಲ್ಲಿ ನಿಜವಾದ ದೋಷವನ್ನು ಹುಡುಕಬೇಕು. ಅಂದರೆ 737ರಲ್ಲಿ ಮೂರನೆಯ ಮನುಷ್ಯನೂ ಇಲ್ಲ, ಅವನ ಸ್ಥಾನವನ್ನು ತುಂಬಿದ ಯಂತ್ರವೂ ಇಲ್ಲ. ಈ ಅಂಶವೇ ಮುಂದಿನ ವಿವಾದದ ಮೂಲ.

ಈ ಹಳೆಯ ಏರ್ಪಾಟಿನ ಅಪಾಯವನ್ನು 2005ರ ಆಗಸ್ಟ್ 14ರಂದು ಹೀಲಿಯೋಸ್ ಕಂಪನಿಯ 737 ವಿಮಾನಕ್ಕೆ ಗ್ರೀಸಿನಲ್ಲಿ ಸಂಭವಿಸಿದ ಅಪಘಾತವು ಪ್ರಕಟಪಡಿಸಿತು. ಅಲ್ಲಿ ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದಾಗ ಮೊಳಗುವ ಕಹಳೆಯೂ, ನೆಲದ ಮೇಲಿರುವಾಗ ಹಾರಾಟಕ್ಕೆ ಸಿದ್ಧತೆ ಸರಿಯಿಲ್ಲವೆಂದು ಎಚ್ಚರಿಸುವ ಕಹಳೆಯೂ ಒಂದೇ ಧ್ವನಿಯವು. ಚಾಲಕರು ಮೊದಲನೆಯದನ್ನು ಎರಡನೆಯದೆಂದು ಭ್ರಮಿಸಿದರು. ಪ್ರಾಣವಾಯುವಿಲ್ಲದೆ ಪ್ರಜ್ಞೆ ತಪ್ಪಿದರು. 121 ಮಂದಿ ಮೃತರಾದರು.

ಹೀಗಿದ್ದೂ ಆ ಏರ್ಪಾಟು ಉಳಿದುದೇಕೆ? ಇದಕ್ಕೆ ಉತ್ತರವು ಪ್ರಮಾಣಪತ್ರದ ಕಾನೂನಿನಲ್ಲಿ ದೊರೆಯುತ್ತದೆ. ಹೊಸ ಮಾದರಿಯನ್ನು ಹಳೆಯ ಪ್ರಮಾಣಪತ್ರದ ತಿದ್ದುಪಡಿಯೆಂದು ಮಂಡಿಸಿದರೆ, ಬದಲಾಗದ ಭಾಗಗಳಿಗೆ ಹೊಸ ನಿಬಂಧನೆಗಳು ಪೂರ್ತಿಯಾಗಿ ಅನ್ವಯಿಸಬೇಕಾಗಿಲ್ಲ. ಎಚ್ಚರಿಕೆಯ ಸಂಜ್ಞೆಗಳ ನಿಬಂಧನೆಯನ್ನು ಅಮೆರಿಕಾ 2010ರಲ್ಲಿ ಬಿಗಿಗೊಳಿಸಿತು. ಆದರೆ 2017ರಲ್ಲಿ ಪ್ರಮಾಣಪತ್ರ ಪಡೆದ 737 ಮ್ಯಾಕ್ಸ್ ಮಾದರಿಗೆ ಅದರ ಕೆಲವು ಅಂಶಗಳಿಂದ ವಿನಾಯಿತಿ ದೊರೆಯಿತು. ಪೂರ್ತಿ ಬದಲಾವಣೆಗೆ ಅಪಾರ ವೆಚ್ಚ ತಗಲುವುದೆಂಬುದು ಕಂಪನಿಯ ವಾದವಾಗಿತ್ತು. ಅಲ್ಲದೆ, ಎಲ್ಲ 737ಗಳೂ ಒಂದೇ ಬಗೆಯಾಗಿದ್ದರೆ ಚಾಲಕರ ಶಿಕ್ಷಣದ ವೆಚ್ಚವೂ ತಗ್ಗುತ್ತದೆ.

2018ರ ಅಕ್ಟೋಬರ್ 29ರಂದು ಇಂಡೋನೇಷ್ಯದಲ್ಲಿ 189 ಮಂದಿ, 2019ರ ಮಾರ್ಚ್ 10ರಂದು ಇಥಿಯೋಪಿಯದಲ್ಲಿ 157 ಮಂದಿ ಮ್ಯಾಕ್ಸ್ ವಿಮಾನಗಳ ಪತನದಲ್ಲಿ ಮಡಿದರು. ಒಂದೇ ಒಂದು ಮಾಪಕ ತಪ್ಪಿದುದರಿಂದ 'ಎಂಕ್ಯಾಸ್' ಎಂಬ ಸ್ವಯಂಚಾಲಿತ ವ್ಯವಸ್ಥೆಯು ವಿಮಾನದ ಮೂತಿಯನ್ನು ಪದೇಪದೇ ಕೆಳಕ್ಕೆ ತಳ್ಳಿತು. ಅದೇ ವೇಳೆಗೆ ಚಾಲನದಂಡ ನಡುಗುತ್ತಿತ್ತು. ವೇಗವನ್ನೂ ಎತ್ತರವನ್ನೂ ತೋರಿಸುವ ಉಪಕರಣಗಳು ಪರಸ್ಪರ ವಿರುದ್ಧವಾಗಿದ್ದವು. ಸಂಜ್ಞೆಗಳು ಹಲವು, ಮೂಲ ಕಾರಣವನ್ನು ಹೇಳುವ ಸಂಜ್ಞೆ ಮಾತ್ರ ಇರಲಿಲ್ಲ. ಏಕಕಾಲಕ್ಕೆ ಹಲವು ಎಚ್ಚರಿಕೆಗಳು ಬಂದಾಗ ಚಾಲಕನು ಹೇಗೆ ವರ್ತಿಸುವನೆಂಬುದನ್ನು ವಿನ್ಯಾಸಕರು ಸಾಕಷ್ಟು ಗಣಿಸಿರಲಿಲ್ಲವೆಂದು ಅಮೆರಿಕೆಯ ಸಾರಿಗೆ ಸುರಕ್ಷತಾ ಮಂಡಳಿಯು 2019ರ ಸೆಪ್ಟೆಂಬರಿನಲ್ಲಿ ವರದಿ ಮಾಡಿತು. ಎಂಕ್ಯಾಸ್ ಇರುವ ಸಂಗತಿಯನ್ನೇ ತಮಗೆ ತಿಳಿಸಿರಲಿಲ್ಲವೆಂಬುದು ಚಾಲಕರ ಸಂಘಗಳ ಬಹಿರಂಗ ಆಕ್ಷೇಪಣೆಯಾಗಿತ್ತು.

2020ರ ಡಿಸೆಂಬರಿನ ಕಾನೂನು, ಎರಡು ವರ್ಷಗಳ ತರುವಾಯ ಪ್ರಮಾಣಪತ್ರ ಪಡೆಯುವ ವಿಮಾನಗಳಲ್ಲಿ ಆಧುನಿಕ ಎಚ್ಚರಿಕೆಯ ವ್ಯವಸ್ಥೆ ಇರಲೇಬೇಕೆಂದು ವಿಧಿಸಿತು. ಮ್ಯಾಕ್ಸ್ 7 ಮತ್ತು ಮ್ಯಾಕ್ಸ್ 10 ಮಾದರಿಗಳು ಅಷ್ಟರೊಳಗೆ ಸಿದ್ಧವಾಗದೆ, 2022ರಲ್ಲಿ ಅವಧಿ ವಿಸ್ತರಣೆಯ ಪ್ರಶ್ನೆ ಎದ್ದಿತು. ಅಮೆರಿಕನ್ ಏರ್‌ಲೈನ್ಸ್ ಚಾಲಕರ ಸಂಘವು ವಿಸ್ತರಣೆಯನ್ನು ವಿರೋಧಿಸಿತು. ಚಾಲಕನೊಬ್ಬನು ಇಂದು ಒಂದು ವ್ಯವಸ್ಥೆಯ ವಿಮಾನವನ್ನೂ ನಾಳೆ ಮತ್ತೊಂದು ವ್ಯವಸ್ಥೆಯ ವಿಮಾನವನ್ನೂ ನಡೆಸಬೇಕಾದರೆ ಗೊಂದಲವೇ ಹೆಚ್ಚುವುದೆಂಬುದು ಎದುರು ಪಕ್ಷದ ವಾದ. ಎರಡನ್ನೂ ಸುರಕ್ಷತೆಯ ಹೆಸರಿನಲ್ಲಿಯೇ ಮಂಡಿಸಲಾಯಿತು. ಕೊನೆಗೆ ಶಾಸನಸಭೆಯು ವಿನಾಯಿತಿಯನ್ನು ನೀಡಿತಾದರೂ, ಮಾಪಕದ ಅಳತೆಯನ್ನು ಪರೀಕ್ಷಿಸುವ ಮತ್ತೊಂದು ಸಾಧನವನ್ನೂ ಸುಳ್ಳು ಎಚ್ಚರಿಕೆಯನ್ನು ನಿಲ್ಲಿಸುವ ಉಪಾಯವನ್ನೂ ಅಳವಡಿಸಬೇಕೆಂದು ಷರತ್ತು ಹಾಕಿತು.

ಸಂಜ್ಞೆಯೊಂದೇ ಸರ್ವರಕ್ಷಕವೆಂದು ಇದರಿಂದ ಭಾವಿಸಲಾಗದು. 2010ರ ಮೇ 22ರಂದು ನಮ್ಮ ಮಂಗಳೂರಿನಲ್ಲಿ 158 ಮಂದಿ ಮಡಿದ 737 ವಿಮಾನದಲ್ಲಿ, ಮೇಲೇರೆಂಬ ಯಂತ್ರದ ಎಚ್ಚರಿಕೆ ಸ್ಪಷ್ಟವಾಗಿಯೇ ಮೊಳಗಿತ್ತು. ಸಹಚಾಲಕನೂ ಇಳಿಯುವುದು ಬೇಡವೆಂದು ಸೂಚಿಸಿದ್ದನು. ಕೇಳಿಸುವುದು ಬೇರೆ, ಕಿವಿಗೊಡುವುದು ಬೇರೆ.

ಮೇಲಿನ ವಿವೇಚನೆಯಿಂದ ಒಂದು ಸಂಗತಿ ವಿದಿತವಾಗುತ್ತದೆ. 1981ರ ಸಮಿತಿಯು ಚಾಲಕರ ಬೇಡಿಕೆಯನ್ನು ತಳ್ಳಿಹಾಕಿದ್ದು ಬಹುಶಃ ಸರಿಯೇ ಇರಬಹುದು. ಇಬ್ಬರೇ ನಡೆಸುವ ವಿಮಾನಗಳು ಅನಂತರ ಸುರಕ್ಷಿತವಾಗಿಯೇ ಹಾರಿವೆ. ಆದರೆ ಆ ಬೇಡಿಕೆಯ ಹಿಂದಿದ್ದ ಪ್ರಶ್ನೆಗೆ 767ರಲ್ಲಿ ಉತ್ತರ ದೊರೆಯಿತು, 737ರಲ್ಲಿ ದೊರೆಯಲಿಲ್ಲ. ಬೇಡಿಕೆ ತಪ್ಪಾಗಿದ್ದರೂ ಅದರೊಳಗಿನ ಅನುಭವ ಸತ್ಯವಾಗಿರಬಹುದು. ಇತಿಹಾಸದ ವಿದ್ಯಾರ್ಥಿಯು ಅಂತಹ ಸಾಕ್ಷ್ಯವನ್ನು ತೂಗಿನೋಡುವಾಗ ಈ ಭೇದವನ್ನು ಮರೆಯಬಾರದು.